ಮಗ ಕಾಲೇಜೇ ಬೇಡ, ಆನ್‌ಲೈನಲ್ಲೇ ಡಿಗ್ರಿ ಮಾಡ್ತೀನಿ ಅಂತಾನೆ, ಏನು ಹೇಳಲಿ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಮಗ ಈ ಸಲ ದ್ವಿತೀಯ ಪಿಯುಸಿ ಸೈನ್ಸ್ ಮುಗಿಸಿದ. ಅವನ ಸಿಇಟಿ ರ‍್ಯಾಂಕಿಗೆ ಒಳ್ಳೆಯ ಎಂಜಿನಿಯರಿಂಗ್ ಕಾಲೇಜು ಸಿಗುವುದು ಕಷ್ಟ. "ಯಾವುದೋ ಕಾಲೇಜಿಗೆ ಹೋಗಿ ನೋಟ್ಸ್ ಬರೆದುಕೊಂಡು ಬರೋದು ವೇಸ್ಟು. ಮನೆಯಲ್ಲೇ ಕೂತು ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಮಾಡ್ತೀನಿ" ಅಂತಾನೆ. ಅವನ ತಾಯಿಗೆ ಇದು ಹಳೆಯ ಅಂಚೆ ತೆರಪಿನ ಡಿಗ್ರಿಯ ಹಾಗೆ ಕಾಣುತ್ತಿದೆ. ಏಳನೇ ತರಗತಿಯಲ್ಲಿರುವ ಮಗಳಿಗೂ ಕಲಿಕೆಯ ಆ್ಯಪ್ ಹಾಕಿಸಿ ಎಂದು ನೆಂಟರ ಒತ್ತಾಯ. ಇದನ್ನೆಲ್ಲ ನೋಡಿದರೆ ಇನ್ನು ಹತ್ತು ವರ್ಷಕ್ಕೆ ನಮ್ಮಂಥ ಮೇಷ್ಟ್ರುಗಳೇ ಬೇಕಾಗುವುದಿಲ್ಲವೇನೋ ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಸರ್, ನಿಮ್ಮ ಮನೆಯವರ ಅನುಮಾನವನ್ನು ಮೊದಲು ಬಗೆಹರಿಸೋಣ. ನಿಮ್ಮ ಮಗ ಹೇಳುತ್ತಿರುವುದು ಅಸಲಿ ಡಿಗ್ರಿ. ಐಐಟಿ ಮದ್ರಾಸ್ 2020ರ ಜೂನ್‌ನಲ್ಲಿ ಡೇಟಾ ಸೈನ್ಸಿನ (ಕಂಪ್ಯೂಟರಿನಲ್ಲಿ ಮಾಹಿತಿ ವಿಶ್ಲೇಷಿಸುವ ವಿದ್ಯೆ) ಈ ಕೋರ್ಸನ್ನು ಶುರು ಮಾಡಿತು. ಜೆಇಇ ಬೇಕಿಲ್ಲ, ಪಿಯುಸಿ ಯಾವ ವಿಭಾಗದ್ದಾದರೂ ನಡೆಯುತ್ತದೆ, ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು ಅಷ್ಟೆ. ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಪದವಿಯನ್ನು ಸಾಮಾನ್ಯ ಪದವಿಗೆ ಸಮ ಎಂದೇ ಪರಿಗಣಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವಾದ ಯುಜಿಸಿಯೂ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಕಾಗದದ ಬೆಲೆಯ ಬಗ್ಗೆ ಚಿಂತೆ ಬೇಡ. ಚಿಂತೆ ಮಾಡಬೇಕಾದ ಜಾಗ ಬೇರೆ ಇದೆ.

ಅದಕ್ಕೆ ಹೋಗುವ ಮೊದಲು, ಅಂಚೆ ತೆರಪಿನ ಶಿಕ್ಷಣವನ್ನು ಅಷ್ಟು ಹಗುರವಾಗಿ ಕಾಣಬೇಡಿ ಎಂದು ಅವರಿಗೆ ಹೇಳಿ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅದನ್ನು ಆರಂಭಿಸಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಿಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಒಮ್ಮೆ ವಿಚಾರಿಸಿ ನೋಡಿ, ಕೆಲಸಕ್ಕೆ ಸೇರಿದ ಮೇಲೆ ಹಾಗೆ ಎಂಎ ಮಾಡಿದವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರಿಗೆ ನೌಕರಿಯಿತ್ತು, ಬಡ್ತಿಯ ಆಸೆಯಿತ್ತು, ಓದುವ ಅಭ್ಯಾಸ ಆಗಲೇ ಕೈಗೂಡಿತ್ತು. ಮುದ್ರಿತ ಪಾಠ ಮನೆ ಬಾಗಿಲಿಗೆ ಬಂದರೆ ಸಾಕಿತ್ತು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಿದ್ದರು. ಹದಿನೆಂಟರ ಹುಡುಗನ ವಿಷಯ ಹಾಗಲ್ಲ. ಪಾಠ ಅವನ ಜೇಬಿನಲ್ಲೇ ಇರುತ್ತದೆ, ಅದೇ ಜೇಬಿನಲ್ಲಿ ಇನ್‌ಸ್ಟಾಗ್ರಾಮೂ ಇರುತ್ತದೆ.

ಪಾಠ ಸಿಕ್ಕಿದರೆ ಕಲಿಕೆ ತಾನಾಗಿ ಆಗುತ್ತದೆ ಎಂದು ದೊಡ್ಡ ದೊಡ್ಡವರೇ ನಂಬಿದ್ದ ಕಾಲವೊಂದಿತ್ತು. 2012ರಲ್ಲಿ ಅಮೆರಿಕದ ಎಂಐಟಿ ತನ್ನ ಸರ್ಕ್ಯೂಟ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಕೋರ್ಸನ್ನು ಜಗತ್ತಿಗೆಲ್ಲ ಪುಕ್ಕಟೆ ತೆರೆದಿಟ್ಟಿತು. ಅದರ ಮುಂದಾಳು ಅನಂತ್ ಅಗರ್‌ವಾಲ್ ಮಂಗಳೂರಿನಲ್ಲಿ ಬೆಳೆದವರು, ಐಐಟಿ ಮದ್ರಾಸಿನಲ್ಲಿ ಓದಿದವರು. ಸುಮಾರು 1,55,000 ಜನ ಹೆಸರು ನೋಂದಾಯಿಸಿದರು. ಪಾಸಾದವರು 7,157. ಕಾಲೇಜುಗಳ ಕಾಲ ಮುಗಿಯಿತು ಎಂದು ಆ ವರ್ಷ ಪತ್ರಿಕೆಗಳು ಬರೆದವು. ಮುಂದಿನ ವರ್ಷವೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾಲಯ ಯುಡಾಸಿಟಿ ಎಂಬ ಆನ್‌ಲೈನ್ ಪಾಠದ ಕಂಪನಿಯ ಜತೆಗೂಡಿ, ಗಣಿತದಲ್ಲಿ ಹಿಂದುಳಿದ ಮಕ್ಕಳಿಗೂ ಆನ್‌ಲೈನ್ ಪಾಠ ಮಾಡಿ ನೋಡಿತು. ತರಗತಿಯಲ್ಲಿ ಓದಿದವರಿಗಿಂತ ಅವರ ಫಲಿತಾಂಶ ಎಷ್ಟು ಕೆಳಗಿಳಿಯಿತೆಂದರೆ ಅದೇ ಜುಲೈನಲ್ಲಿ ಪ್ರಯೋಗವನ್ನು ತಡೆಹಿಡಿಯಬೇಕಾಯಿತು. ಎಂಐಟಿ ಮತ್ತು ಹಾರ್ವರ್ಡ್‌ಗಳ ಇಂಥ ಕೋರ್ಸುಗಳ ಲೆಕ್ಕವನ್ನು ಸಂಶೋಧಕರಿಬ್ಬರು 2019ರಲ್ಲಿ ಪ್ರಕಟಿಸಿದರು. 2017–18ರಲ್ಲಿ ಸೇರಿದ ನೂರು ಜನರಲ್ಲಿ ಮುಗಿಸಿದವರು ಮೂವರು. ಸುಮ್ಮನೆ ಇಣುಕಿ ನೋಡಲು ಬಂದವರೂ ಈ ನೂರರಲ್ಲಿ ಸೇರಿದ್ದಾರೆ, ಅದನ್ನು ಮರೆಯಬಾರದು. ಆದರೂ ಆರೇಳು ವರ್ಷ ಕಳೆದ ಮೇಲೂ ಆ ಸಂಖ್ಯೆ ಮೇಲೇಳಲಿಲ್ಲ ಎನ್ನುವುದನ್ನು ಗಮನಿಸಿ.

ಪಾಠ ಕೆಟ್ಟದ್ದಾಗಿತ್ತೇ? ಇಲ್ಲವೇ ಇಲ್ಲ. ನಮ್ಮಲ್ಲೇ ನೋಡಿ. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟೆಲ್ ಎಂಬ ಉಚಿತ ಆನ್‌ಲೈನ್ ಪಾಠಗಳ ವ್ಯವಸ್ಥೆ ಕಟ್ಟಿದವು. ಅದರಲ್ಲಿರುವ ಒಂದೊಂದು ಪಾಠಮಾಲೆಯ ಮಟ್ಟಕ್ಕೆ ನಮ್ಮ ಬಹಳಷ್ಟು ಕಾಲೇಜುಗಳ ಕರಿಹಲಗೆ ಏಳಲಾರದು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿದವನಾಗಿ ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಇನ್ನೊಂದು ಉಪಕಾರವಂತೂ ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ, ಹುಡುಗಿಯರಿಗೆ ತರಗತಿಯಲ್ಲಿ ಇಂಗ್ಲಿಷಿನ ಒಂದು ವಾಕ್ಯ ತಪ್ಪಿತೆಂದರೆ ಅದು ತಪ್ಪಿದಂತೆಯೇ. ಕೈ ಎತ್ತಿ "ಇನ್ನೊಮ್ಮೆ ಹೇಳಿ ಸರ್" ಅನ್ನುವ ಧೈರ್ಯ ಬರಲು ಎರಡು ಸೆಮಿಸ್ಟರ್ ಬೇಕು. ವಿಡಿಯೋದ ಮುಂದೆ ಆ ನಾಚಿಕೆ ಇಲ್ಲ. ನಿಲ್ಲಿಸಿ, ಹಿಂದಕ್ಕೆ ಎಳೆದು, ಕೆಳಗಿನ ಅಕ್ಷರ ಓದಿಕೊಂಡು, ಮತ್ತೆ ಕೇಳಬಹುದು. ಇದರಿಂದಲೇ ದಡ ಮುಟ್ಟಿದ ಮಕ್ಕಳನ್ನು ನಾನು ನೋಡಿದ್ದೇನೆ.

ತೊಂದರೆ ಶುರುವಾಗುವುದು ಇದಾದ ಮೇಲೆ. ಚೆನ್ನಾಗಿ ಹೇಳಿದ ಪಾಠ ಕೇಳಿದಾಗ ಅರ್ಥವಾಯಿತು ಅನ್ನಿಸುತ್ತದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಒಂದೇ ವಿಷಯವನ್ನು ಒಂದು ಗುಂಪಿಗೆ ನುಣುಪಾದ ಉಪನ್ಯಾಸದಲ್ಲಿ ಹೇಳಿದರು, ಇನ್ನೊಂದು ಗುಂಪಿನ ಕೈಯಲ್ಲಿ ಲೆಕ್ಕ ಮಾಡಿಸಿ, ತಡವರಿಸಲು ಬಿಟ್ಟು, ಆಮೇಲೆ ತಿದ್ದಿದರು. ಉಪನ್ಯಾಸ ಕೇಳಿದವರು ನಾವೇ ಹೆಚ್ಚು ಕಲಿತೆವು ಎಂದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಡವರಿಸಿದವರಿಗೆ. ನಿಮ್ಮ ಮಗ ಯೂಟ್ಯೂಬ್ ನೋಡಿ "ಕಾಲೇಜಿಗಿಂತ ಇದೇ ಚೆನ್ನಾಗಿ ತಲೆಗೆ ಹತ್ತುತ್ತದೆ" ಅಂದರೆ ಅವನು ಸುಳ್ಳು ಹೇಳುತ್ತಿಲ್ಲ. ಹಾಗೆ ಅನ್ನಿಸುವುದು ನಿಜ. ಮೊಬೈಲ್ ಮುಚ್ಚಿಟ್ಟು ಬಿಳಿ ಹಾಳೆಯ ಮೇಲೆ ಅದೇ ಲೆಕ್ಕ ಬಿಡಿಸು ಅಂದಾಗ ಅಸಲು ಸಂಗತಿ ತಿಳಿಯುತ್ತದೆ.

ಹಿಂದೆ ಕೂಲಿಮಠದ ಐಗಳು, ಅಂದರೆ ಹಳೇ ಕಾಲದ ಊರ ಶಾಲೆಯ ಮೇಷ್ಟ್ರು, ಮಾಡುತ್ತಿದ್ದದ್ದು ಇದನ್ನೇ. ಅವರು ಪಾಠ ಹೇಳುತ್ತಿದ್ದದ್ದು ಕಡಿಮೆ, ಒಪ್ಪಿಸಿಕೊಳ್ಳುತ್ತಿದ್ದದ್ದು ಹೆಚ್ಚು. ನಿನ್ನೆಯ ಮಗ್ಗಿ ಒಪ್ಪಿಸದೆ ಇವತ್ತಿನದು ಸಿಗುತ್ತಿರಲಿಲ್ಲ. ಅವರ ಬೆತ್ತವನ್ನು ನಾನು ಹೊಗಳುತ್ತಿಲ್ಲ, ಬಾಯಿಪಾಠವನ್ನೂ ಅಲ್ಲ. ನಾಳೆ ಒಬ್ಬರ ಮುಂದೆ ನಿಂತು ಒಪ್ಪಿಸಬೇಕು ಎನ್ನುವ ಒತ್ತಡ ಕಲಿಕೆಯಿಂದ ಬೇರೆಯದಲ್ಲ, ಅದು ಕಲಿಕೆಯದೇ ಭಾಗ. ಇಂಟರ್ನೆಟ್ ಪಾಠ ಹೇಳುವ ಕೆಲಸವನ್ನು ಬಹುತೇಕ ಪುಕ್ಕಟೆಗೆ ಇಳಿಸಿಬಿಟ್ಟಿದೆ. ಒಪ್ಪಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಇನ್ನೂ ಮನುಷ್ಯರು ಬೇಕು, ಸಮಯ ಬೇಕು, ದುಡ್ಡು ಬೇಕು. ಆನ್‌ಲೈನ್‌ನಲ್ಲಿ ನಿಂತ ಕೋರ್ಸುಗಳನ್ನೆಲ್ಲ ನೋಡಿ, ಈ ಎರಡನೆಯದಕ್ಕೆ ಏನಾದರೊಂದು ವ್ಯವಸ್ಥೆ ಮಾಡಿಕೊಂಡೇ ನಿಂತಿವೆ.

ಎನ್‌ಪಿಟೆಲ್ 2014ರಿಂದ ಸರ್ಟಿಫಿಕೇಟ್ ಕೊಡುತ್ತಿದೆ. ಸೇರುವುದು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬರಲೇಬೇಕು, ಒಂದು ಇನ್ನೊಂದನ್ನು ಸರಿದೂಗಿಸುವುದಿಲ್ಲ. ಹನ್ನೆರಡು ವಾರದ ಕೋರ್ಸಾದರೆ ಅತ್ಯುತ್ತಮ ಎಂಟು ಅಸೈನ್‌ಮೆಂಟುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಸೈನ್‌ಮೆಂಟಿನ ಉತ್ತರಗಳು ಗಡುವಿಗೆ ಮೊದಲೇ ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತವೆ ಎನ್ನುವುದು ಎಲ್ಲ ಕಾಲೇಜುಗಳಿಗೂ ಗೊತ್ತಿರುವ ಗುಟ್ಟು. ಅಲ್ಲಿ 24 ತೆಗೆದುಕೊಂಡವನು ಪರೀಕ್ಷಾ ಕೇಂದ್ರದಿಂದ 22 ಹೊತ್ತು ತರುವುದನ್ನು ನೋಡಿದರೆ, 75 ಅಂಕವನ್ನು ಆ ಕಡೆ ಇಟ್ಟವರ ಬುದ್ಧಿವಂತಿಕೆ ಅರ್ಥವಾಗುತ್ತದೆ. ಐಐಟಿ ಮದ್ರಾಸಿನ ಬಿಎಸ್ ಕೂಡ ಹೀಗೆಯೇ. ಪಾಠ ಮನೆಯಲ್ಲಿ, ಕ್ವಿಜ್ ಮತ್ತು ಅಂತಿಮ ಪರೀಕ್ಷೆ ನಿಗದಿಯಾದ ಊರಿನ ಕೇಂದ್ರದಲ್ಲಿ, ಮೇಲ್ವಿಚಾರಕರ ಕಣ್ಣೆದುರಿಗೆ. ಅವರೇ 2023ರಲ್ಲಿ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಬ ಇನ್ನೊಂದು ಬಿಎಸ್ ತೆರೆದಾಗ ಲ್ಯಾಬಿಗೆ ವಿದ್ಯಾರ್ಥಿಗಳನ್ನು ಚೆನ್ನೈ ಕ್ಯಾಂಪಸ್ಸಿಗೇ ಕರೆಸಿದರು. ಬೆಸುಗೆ ಹಾಕುವುದನ್ನು ಪರದೆಯ ಮೇಲೆ ನೋಡಿ ಕಲಿಯಲಾಗುವುದಿಲ್ಲ ಎಂದು ಅವರಿಗೆ ಗೊತ್ತು.

ವ್ಯಾಪಾರಿಗಳಿಗೂ ಇದು ಗೊತ್ತಾಯಿತು, ಸ್ವಲ್ಪ ತಡವಾಗಿ. ಬೆಂಗಳೂರಿನ ಕಲಿಕೆ ಆ್ಯಪ್ ಕಂಪನಿ ಬೈಜೂಸ್ 2021ರಲ್ಲಿ ಆಕಾಶ್ ಎಂಬ ಹಳೇ ಮಾದರಿಯ ಕೋಚಿಂಗ್ ಸಂಸ್ಥೆಯನ್ನು ಸುಮಾರು ನೂರು ಕೋಟಿ ಡಾಲರಿಗೆ ಕೊಂಡಿತು. ಯೂಟ್ಯೂಬಿನಿಂದ ಬೆಳೆದ ಫಿಸಿಕ್ಸ್‌ವಾಲಾ 2022ರಲ್ಲಿ ಊರೂರಿಗೆ ಬೆಂಚು ಹಾಕಿದ ಕೇಂದ್ರ ತೆರೆಯತೊಡಗಿತು, ಅನ್‌ಅಕಾಡೆಮಿಯೂ ಅದೇ ವರ್ಷ ಅದೇ ದಾರಿ ಹಿಡಿಯಿತು. ತರಗತಿ ಸತ್ತಿತು ಎಂದು ಜಾಹೀರಾತು ಕೊಟ್ಟವರೇ ತರಗತಿ ಕಟ್ಟಿಸುತ್ತಿದ್ದಾರೆ. ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದದ್ದಕ್ಕೆ ಸಾಲದಂಥ ಬೇರೆ ಕಾರಣಗಳೂ ಇವೆ, ಆ ಕಥೆ ಇಲ್ಲಿ ಬೇಡ.

ಇನ್ನು ನಿಮ್ಮ ಮಗನ ವಿಚಾರ. ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಬಿಎಸ್ ಮಾಡಲಿ, ಆದರೆ ಮನೆಯಲ್ಲಿ ಒಬ್ಬನೇ ಕೂತು ಅದೊಂದನ್ನೇ ಮಾಡುವುದು ಬೇಡ. ಎರಡು ಪದವಿಗಳನ್ನು ಒಟ್ಟಿಗೆ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲೇ ಅವಕಾಶ ಕೊಟ್ಟಿದೆ. ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗಣಿತ ಇರುವ ಬಿಎಸ್ಸಿಗೋ ಬಿಸಿಎಗೋ ಸೇರಿಸಿ, ಜತೆಗೆ ಬಿಎಸ್ ನಡೆಯಲಿ. ಖರ್ಚು ಕಡಿಮೆ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರುತ್ತದೆ, ಸ್ನೇಹಿತರಿರುತ್ತಾರೆ, ಎನ್‌ಎಸ್‌ಎಸ್ ಕ್ಯಾಂಪು, ಜಗಳ ಎಲ್ಲ ಇರುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ವರ್ಷಗಳನ್ನು ಒಂದು ಕೋಣೆಯಲ್ಲಿ ಕಳೆದ ಹುಡುಗರ ತಂದೆತಾಯಿಗಳು ನನ್ನ ಬಳಿ ಬಂದು ಹೇಳುವ ದೂರು ಅಂಕದ್ದಲ್ಲ, "ಯಾರ ಹತ್ತಿರವೂ ಮಾತಾಡುವುದಿಲ್ಲ ಸರ್" ಎನ್ನುವುದು.

ಎರಡೂ ಒಟ್ಟಿಗೆ ಭಾರವಾಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ. ಬಿಎಸ್‌ನ ಒಂದೊಂದು ಕೋರ್ಸಿಗೆ ವಾರಕ್ಕೆ ಸುಮಾರು 10 ಗಂಟೆ ಇಡಬೇಕು. ಹಾಗಾಗಿ ಅವಸರ ಬೇಡ, ಒಂದು ಟರ್ಮಿಗೆ ಎರಡೇ ಕೋರ್ಸು ತೆಗೆದುಕೊಳ್ಳಲಿ. ಅಲ್ಲಿ ಮೆಟ್ಟಿಲುಗಳಿವೆ. ಮೊದಲು ಫೌಂಡೇಶನ್, ಆಮೇಲೆ ಡಿಪ್ಲೊಮಾ, ಮುಗಿಸಿದ ಕೋರ್ಸುಗಳಿಗೆ ಸಿಗುವ ಕ್ರೆಡಿಟ್ 114 ಆದರೆ ಬಿಎಸ್ಸಿ, 142 ಆದರೆ ಬಿಎಸ್. ನಡುವೆ ಎಲ್ಲಿ ನಿಂತರೂ ಅಲ್ಲಿಯವರೆಗಿನದಕ್ಕೆ ಕಾಗದ ಸಿಗುತ್ತದೆ. ಕುಟುಂಬದ ಆದಾಯ ಕಡಿಮೆಯಿದ್ದರೆ, ಪರಿಶಿಷ್ಟ ಜಾತಿ, ಪಂಗಡದವರಾದರೆ ಶುಲ್ಕದಲ್ಲಿ ಒಳ್ಳೆಯ ರಿಯಾಯಿತಿಯೂ ಇದೆ.

ದುಡ್ಡು ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಎನ್‌ಪಿಟೆಲ್‌ನ ಕೋರ್ಸುಗಳು ಜನವರಿ ಮತ್ತು ಜುಲೈ ಸೆಮಿಸ್ಟರುಗಳಲ್ಲಿ ನಡೆಯುತ್ತವೆ. ಪ್ರೋಗ್ರಾಮಿಂಗ್ ಕುರಿತ ಎಂಟು ವಾರದ ಒಂದು ಕೋರ್ಸಿಗೆ ಉಚಿತವಾಗಿ ಸೇರಿಸಿ. ನೀವು ಬಾಯಿ ಬಿಡಬೇಡಿ. "ಅಸೈನ್‌ಮೆಂಟ್ ಹಾಕಿದೆಯಾ" ಎಂದು ಒಮ್ಮೆಯೂ ಕೇಳಬೇಡಿ, ಮೇಷ್ಟ್ರಿಗೆ ಇದು ಕಷ್ಟ, ಆದರೂ ಕೇಳಬೇಡಿ. ನಾಲ್ಕನೇ ವಾರದ ಗಡುವನ್ನೂ ತಾನಾಗಿಯೇ ಪಾಲಿಸಿದರೆ ಹುಡುಗ ತಯಾರಾಗಿದ್ದಾನೆ. ಎರಡನೇ ವಾರಕ್ಕೇ ನಿಂತುಹೋದರೆ ಅವನು ದಡ್ಡ ಎಂದಲ್ಲ, ಅವನಿಗೆ ಇನ್ನೂ ಬೆಲ್ ಹೊಡೆಯುವ ಜಾಗ ಬೇಕು ಎಂದರ್ಥ. ಬಿಎಸ್‌ಗೆ ಸೇರುವಾಗಲೂ ಮೊದಲ ಹಂತ ಇದೇ ಥರದ್ದು. ನಾಲ್ಕು ವಾರ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯುಟೇಷನಲ್ ಥಿಂಕಿಂಗ್, ಇಂಗ್ಲಿಷ್ ಪಾಠ ಮಾಡಿ, ಆಮೇಲೆ ಕ್ವಾಲಿಫೈಯರ್ ಪರೀಕ್ಷೆ ಇಡುತ್ತಾರೆ. ಕಲಿಸಿ ಆಮೇಲೆ ಆರಿಸುವ ಈ ಪದ್ಧತಿ ನನಗೆ ಸಿಇಟಿಗಿಂತ ನ್ಯಾಯವಾಗಿ ಕಾಣುತ್ತದೆ.

ಒಂದು ಎಚ್ಚರಿಕೆ. ಬಿಎಸ್ ಎಂದರೆ ಬಿಇ ಅಲ್ಲ. ಸರ್ಕಾರದ ಸಹಾಯಕ ಎಂಜಿನಿಯರ್ ಥರದ ಹುದ್ದೆಗಳಿಗೆ ಬಿಇ ಅಥವಾ ಬಿಟೆಕ್ಕೇ ಕೇಳುತ್ತಾರೆ. ಮಗನ ಕಣ್ಣು ಅತ್ತ ಇದ್ದರೆ ಸಾಧಾರಣ ಕಾಲೇಜಾದರೂ ಸರಿ, ಎಂಜಿನಿಯರಿಂಗ್ ಸೀಟು ಬಿಡಬೇಡಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಪೂರ್ತಿ ಆನ್‌ಲೈನಲ್ಲಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವೇ ಇಲ್ಲ. "ಆನ್‌ಲೈನ್ ಬಿಟೆಕ್" ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲೇ ಇಟ್ಟುಬಿಡಿ. ಬೇರೆ ವಿಶ್ವವಿದ್ಯಾಲಯಗಳ ಆನ್‌ಲೈನ್ ಪದವಿ ನೋಡುವುದಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ಇರುತ್ತದೆ. ಸಂಸ್ಥೆಯ ಹೆಸರಿದ್ದರೆ ಸಾಲದು, ಅದೇ ಕೋರ್ಸು, ಅದೇ ಪ್ರವೇಶ ವರ್ಷ ಇದೆಯೇ ನೋಡಿ. ನಮ್ಮ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯೇ ಕೆಲವು ವರ್ಷ ತಪ್ಪಿ 2018ರಲ್ಲಿ ಮರಳಿತು. ಆ ನಡುವೆ ಸೇರಿದವರ ಪಾಡು ನಿಮ್ಮ ಪರಿಚಯದವರಲ್ಲೇ ಯಾರಿಗಾದರೂ ಗೊತ್ತಿರಬಹುದು.

ಮಗಳ ವಿಷಯಕ್ಕೆ ಬಹಳ ಮಾತು ಬೇಡ. ಏಳನೇ ತರಗತಿಗೆ ಆ್ಯಪ್ ಬೇಕಿಲ್ಲ. ಕೋವಿಡ್ ಎರಡು ವರ್ಷ ನಮಗೆ ಬೇಡದಿದ್ದರೂ ಒಂದು ದೊಡ್ಡ ಪ್ರಯೋಗ ಮಾಡಿ ತೋರಿಸಿತು. ಸುಳ್ಯ ತಾಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿಗೆ ಕೂತು ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ 2021ರಲ್ಲಿ ಎಲ್ಲ ಕಡೆ ಹರಿದಾಡಿತಲ್ಲ, ಅಲ್ಲಿ ಕೊರತೆ ನೆಟ್‌ವರ್ಕಿನದು. ಆದರೆ ನೆಟ್‌ವರ್ಕ್ ಇದ್ದ ಕಡೆಯೂ ಚಿಕ್ಕ ಮಕ್ಕಳು ಹಿಂದೆ ಬಿದ್ದರು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿ 2021ರಲ್ಲಿ ವರದಿ ಕೊಟ್ಟಿತು. ಹಿಂದಿನ ವರ್ಷ ಬರುತ್ತಿದ್ದ ಯಾವುದಾದರೂ ಒಂದು ಭಾಷಾ ಸಾಮರ್ಥ್ಯವನ್ನು ನೂರಕ್ಕೆ 92 ಮಕ್ಕಳು ಮರೆತಿದ್ದರು, ಗಣಿತದಲ್ಲಿ 82. ಅದೇ ಹೊತ್ತಿನಲ್ಲಿ ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸ ವಿದ್ಯಾಗಮ. 2020ರ ಆಗಸ್ಟ್‌ನಿಂದ ಮೇಷ್ಟ್ರುಗಳೇ ಊರೊಳಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳು ಎಲ್ಲೆಂದರಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ನೀವೂ ಹೋಗಿರಬೇಕು. ಮಕ್ಕಳು ನಿಮ್ಮನ್ನು ನೋಡಿದಾಗ ಏನಾಯಿತೆಂದು ನಾನು ನಿಮಗೆ ಹೇಳಬೇಕಿಲ್ಲ.

ಮನೆಯಲ್ಲಿ ಮೊಬೈಲ್ ಇದ್ದರೆ ಮಗಳು ಪಠ್ಯಪುಸ್ತಕದಲ್ಲಿರುವ, ಸರ್ಕಾರದ ದೀಕ್ಷಾ ಕಲಿಕಾ ತಾಣದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠಕ್ಕೆ ಸಂಬಂಧಪಟ್ಟ ವಿಡಿಯೋ ನೋಡಲಿ, ಅದಕ್ಕೆ ಕಾಸು ಬೇಡ. ನೀವು ಪಕ್ಕದಲ್ಲಿದ್ದಾಗ ನೋಡಲಿ ಅಷ್ಟೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯ ಬಗ್ಗೆ ನಡೆದ 2024ರ ಅಸರ್ ಸಮೀಕ್ಷೆಯಲ್ಲಿ 14ರಿಂದ 16 ವರ್ಷದವರ ಪೈಕಿ ಹಿಂದಿನ ವಾರ ಓದಿಗಾಗಿ ಸ್ಮಾರ್ಟ್‌ಫೋನ್ ಬಳಸಿದವರು ಶೇ. 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ಹುಡುಗಿ ಆ ವಯಸ್ಸಿಗೆ ಬರಲು ಇನ್ನೇನು ಹೆಚ್ಚು ದಿನ ಇಲ್ಲ.

ಕೊನೆಗೆ ನಿಮ್ಮದೇ ಪ್ರಶ್ನೆ. ಮೇಷ್ಟ್ರು ಬೇಕಾಗುವುದಿಲ್ಲವೇ? ಪುಸ್ತಕ ಓದಿ ಹೇಳಿ ನೋಟ್ಸ್ ಬರೆಸುವ ಮೇಷ್ಟ್ರು ಬೇಕಾಗುವುದಿಲ್ಲ, ಅದನ್ನು ಮುಚ್ಚಿಡುವುದೇಕೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಒಂದು ಲೆಕ್ಕ ಬಂತು. ಬರೀ ಉಪನ್ಯಾಸ ಕೇಳುವ ತರಗತಿಯಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲಾದರೆ, ಮಕ್ಕಳಿಂದಲೇ ಮಾಡಿಸುವ, ಹೇಳಿಸುವ ತರಗತಿಯಲ್ಲಿ 22. ಅದು ಕಾಲೇಜಿನ ಲೆಕ್ಕ, ಆದರೆ ಹೈಸ್ಕೂಲಿಗೆ ಇದು ತಿರುವುಮುರುವಾಗಲು ನನಗಂತೂ ಕಾರಣ ಕಾಣುವುದಿಲ್ಲ.

ನಿಮ್ಮ ತರಗತಿಯಲ್ಲಿ ಹೀಗೆ ಮಾಡಿ ನೋಡಬಹುದು. ಮನೆಯಲ್ಲಿ ವಿಡಿಯೋ ನೋಡಿಕೊಂಡು ಬನ್ನಿ ಎಂದು ಹೇಳಬೇಡಿ, ಫೋನು ಅಪ್ಪನ ಜತೆ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತದೆ, ಫೋನ್ ಸಿಗದ ಮಗು ಮಾತ್ರ ತಲೆತಗ್ಗಿಸುತ್ತದೆ. ಶಾಲೆಯಲ್ಲೇ ಸ್ಮಾರ್ಟ್ ಕ್ಲಾಸ್ ಪರದೆಯಿದ್ದರೆ ಐದಾರು ನಿಮಿಷದ ತುಣುಕು ಹಾಕಿ. ಎಂಐಟಿ, ಹಾರ್ವರ್ಡ್ ಕಟ್ಟಿದ ಎಡ್‌ಎಕ್ಸ್ ತಾಣದ ಆನ್‌ಲೈನ್ ಕೋರ್ಸುಗಳಲ್ಲಿ ದೊಡ್ಡವರೇ ಆರು ನಿಮಿಷದಾಚೆ ವಿಡಿಯೋ ನೋಡುತ್ತಿರಲಿಲ್ಲ ಎಂದು 2014ರ ಅಧ್ಯಯನವೊಂದು ಕಂಡುಕೊಂಡಿತ್ತು. ಪ್ರಯೋಗದ ಫಲಿತಾಂಶ ಬರುವ ಮೊದಲೇ ವಿಡಿಯೋ ನಿಲ್ಲಿಸಿ. ಈಗ ಏನಾಗುತ್ತದೆ? ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಪಕ್ಕದವರ ಉತ್ತರ ಬೇರೆಯಿದ್ದರೆ ಇಬ್ಬರೂ ವಾದ ಮಾಡಲಿ. ಆಮೇಲೆ ಉಳಿದದ್ದನ್ನು ತೋರಿಸಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಇಂಥದ್ದನ್ನೇ ಮಾಡಿ ಹೆಸರಾದರು. ಮೊದಲ ಕೆಲವು ವಾರ ಗದ್ದಲವಾಗುತ್ತದೆ, ಮುಖ್ಯೋಪಾಧ್ಯಾಯರು ಬಂದು ಇಣುಕುತ್ತಾರೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಆ್ಯಪ್‌ಗಳ ಬಗ್ಗೆ ಅಲ್ಲ. "ಸ್ಮಾರ್ಟ್ ಕ್ಲಾಸ್ ಇದೆಯಲ್ಲ" ಎಂದು ಖಾಲಿ ಹುದ್ದೆಗಳನ್ನು ತುಂಬದೆ, ವರ್ಷವರ್ಷವೂ ಅತಿಥಿ ಶಿಕ್ಷಕರ ಮೇಲೆ ಶಾಲೆ ನಡೆಸುವುದಕ್ಕೆ ಪರದೆಯೇ ನೆಪವಾಗಬಹುದು. ನಿಮ್ಮ ಸಂಘದ ಸಭೆಯಲ್ಲಿ ಎತ್ತಬೇಕಾದ ಮಾತು ಇದು. ವೇತನ ಶ್ರೇಣಿಯ ಚರ್ಚೆ ಮುಗಿದ ಮೇಲಾದರೂ ಎತ್ತಿ.